ತಿಳಿಯಪಡಿಸುವುದೇನೆಂದರೆ

ಹಾವೇರಿಯ ಕಚೇರಿಯಿಂದ ಬಂದ ಕಾಗದದ ಮೊದಲ ವಾಕ್ಯ
ನಮ್ಮ ಶಾಲೆಯ ಪಡಸಾಲೆಗಿಂತ ಉದ್ದ.
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ
ಸದರಿ ಶಾಲೆಯ ಎಲ್ಲ ಪಾಲಕ ಪೋಷಕರಿಗೆ
ಈ ಮೂಲಕ ತಿಳಿಯಪಡಿಸುವುದೇನೆಂದರೆ—
ಏನೆಂದರೆ ಎಂಬುದು ಎಲ್ಲೋ ಕೆಳಗೆ,
ಮೊಹರಿನ ನೀಲಿಯಲ್ಲಿ ಅರ್ಧ ಮುಳುಗಿ:
ಗುರುವಾರ, ಕಣ್ಣಿನ ತಪಾಸಣೆ, ಉಚಿತ ಕನ್ನಡಕ,
ಪಾಲಕರೊಂದಿಗೆ ಹಾಜರಾಗತಕ್ಕದ್ದು.

ಅದನ್ನೇ ಎಪ್ಪತ್ತೆರಡು ಪ್ರತಿ ತೆಗೆಸಿದೆ
ಬಸ್ ಸ್ಟ್ಯಾಂಡಿನೆದುರಿನ ಝೆರಾಕ್ಸ್ ಅಂಗಡಿಯಲ್ಲಿ.
ಅಡಿಗೊಂದು ಚುಕ್ಕಿಗೆರೆ, ಪಾಲಕರ ಸಹಿ.
ಪಾಟಿಚೀಲಗಳಲ್ಲಿ ಮಡಚಿಕೊಂಡು ಹೋದವು.

ಮರುದಿನ ಬಂದವು ನಲವತ್ತೊಂದು.
ಸಹಿಯಲ್ಲ, ಹೆಬ್ಬೆಟ್ಟು. ಶಾಯಿಯೂ ಅಲ್ಲ.
ತೊಟ್ಟು ಮುರಿದೂ ಮುರಿದೂ
ರೇಖೆ ಸವೆದ ಬೆರಳಿನ
ಬ್ಯಾಡಗಿಯ ಕೆಂಪು.
ಎಣಿಸುತ್ತ ಎಣಿಸುತ್ತ ಮರೆತು
ಕಣ್ಣೊರೆಸಿಕೊಂಡೆ.
ತಪಾಸಣೆಯ ನೋಟಿಸು
ಮೊದಲು ನನ್ನ ಕಣ್ಣನ್ನೇ ಹಿಡಿದಿತ್ತು.

ನೀರಿನ ಚೊಂಬು ತಂದವಳು ಬಿಸಿಯೂಟದ ಹಜರತಬಿ.
"ಬೇಸ್ತವಾರ ಇಟ್ಟೀರೇನ್ರಿ ಅಕ್ಕೋರ?
ಅವತ್ತ ಪ್ಯಾಟಿ. ಯಾವಾಕಿ ಬರ್ತಾಳ?"
"ಎಲ್ಲಾರೂ ಹೆಬ್ಬೆಟ್ಟ ಒತ್ಯಾರಲ್ಲ?"
"ಯಾವುದಕ್ಕ ಒತ್ತೀವಿ ಅಂತ ತಿಳಕೊಂಡಾರ,
ಕೇಳೀರೇನು?"

ಮಾರುಕಟ್ಟೆಯ ಹಿಂದಿನ ಅಂಗಳ.
ತಟ್ಟಿನ ಮೇಲೆ ನೆರಿಗೆಗಾಯಿಯ ರಾಶಿ,
ಸುತ್ತ ಮೂಗಿಗೆ ಸೆರಗು ಬಿಗಿದ ಹೆಂಗಸರು.
ಕಿಲೋಕ್ಕೆ ಇಷ್ಟೆಂದು ಕೂಲಿ;
ತಲೆ ಎತ್ತಿದರೆ ಅಷ್ಟು ಕಡಿಮೆ.
ನಾನು ಪ್ರಾರ್ಥನೆಯ ಹೊತ್ತಿನ ದನಿ ತೆಗೆದೆ:
ಮೇಲ್ಕಂಡ ವಿಷಯಕ್ಕೆ ಸಂಬಂಧಿ— ಆಕ್ಷೀ.
ಸದರಿ ಶಾಲೆಯ ಎಲ್ಲ ಪಾ— ಆಕ್ಷೀ.
ಈ ಮೂಲಕ ತಿಳಿಯಪಡಿ—

ಹನ್ನೊಂದು ವರ್ಷದ ನೌಕರಿಯಲ್ಲಿ
ಆ ವಾಕ್ಯ ಮುಗಿಸಲಾಗದೆ ನಿಂತದ್ದು ಅಲ್ಲೇ.
ಮೆಣಸಿನ ಘಾಟಿನಲ್ಲಿ ಒಂದು ಉಸಿರಿಗೆ
ಎರಡು ಮೂರು ಶಬ್ದ ಹಿಡಿಸುತ್ತವೆ, ಅಷ್ಟೆ.
ಕಾಗದ ಮುಷ್ಟಿಯಲ್ಲಿ ಮುದುಡಿತು.

ಡಾಕ್ಟರ್ ಬರ್ತಾರ.
ಹುಡುಗರ ಕಣ್ಣು ನೋಡ್ತಾರ.
ರೊಕ್ಕ ಬ್ಯಾಡ.
ಬೋರ್ಡಿನ ಮ್ಯಾಲಿಂದು ಕಾಣದಿದ್ರ
ಚಾಳೀಸ ಕೊಡ್ತಾರ.
ನಿಮಗ ಯಾವತ್ತ ಬರಾಕ ಆಗತೈತಿ, ಹೇಳ್ರಿ.

ಕೊನೆಯದು ಕಾಗದದಲ್ಲಿ ಇರಲಿಲ್ಲ.

ಮೂಲೆಯಲ್ಲಿ ಬಸಣ್ಣೆವ್ವನ ಕೈ ನಿಂತಿತು.
"ಸೂಟಿ ಅಂತ ಓದಿದ್ನಲ್ರಿ ನಮ್ಮ ಮಾಲತೇಶ?
ಸಾಲಿಗೆ ಸುಣ್ಣ ಹಚ್ತಾರ, ಎರಡ ದಿನ ಸೂಟಿ,
ಅದಕ್ಕ ಹೆಬ್ಬೆಟ್ಟ ಒತ್ತಬೇ, ಅಂದಾ."
ನಗು ರಾಶಿಯ ಸುತ್ತ ಒಂದು ಸುತ್ತು ಹೊಡೆಯಿತು.
ಆಕೆ ನಗಲಿಲ್ಲ.
"ಅವಗ ಕಾಣಂಗಿಲ್ಲೇನ್ರಿ ಅಕ್ಕೋರ?"

ಮೂರನೇ ಸಾಲಿನಲ್ಲಿ ಕೂತು ಆ ಹುಡುಗ
ಪಕ್ಕದವನ ವಹಿ ನೋಡಿಯೇ ಬರೆಯುತ್ತಾನೆಂದು
ಆಷಾಢದಿಂದ ನನಗೆ ಗೊತ್ತಿತ್ತು.
ಆಕೆಗೆ ಹೇಳಿರಲಿಲ್ಲ.
ಅದಕ್ಕೆ ಸುತ್ತೋಲೆ ಬಂದಿರಲಿಲ್ಲ.

"ನಾಕ್ಕಣ್ಣ ಅಂತಾರ್ರಿ ಎಲ್ಲಾರೂ,"
ಮರುದಿನ ಕಂಬಕ್ಕೆ ಒರಗಿ ಅಂದ,
ಕಂಬವನ್ನೇ ನೋಡುತ್ತ.

ಹೆಡ್‌ಮಾಸ್ತರ ಕೋರಿಶೆಟ್ಟರು ನಾಲ್ಕು ಸಲ ಫೋನು ಹಚ್ಚಿ
ತಪಾಸಣೆಯನ್ನು ರವಿವಾರಕ್ಕೆ ಸರಿಸಿದರು.
ಕಚೇರಿ ಅದನ್ನೂ ತಿಳಿಯಪಡಿಸಿತು,
ಸೋಮವಾರ.

ಈಗ ನೋಟಿಸು ನಾನೇ ಬರೆಯುತ್ತೇನೆ,
ಸೀನು ಬರುವಲ್ಲಿ ಚುಕ್ಕಿ ಇಟ್ಟು.
ಬರೆದದ್ದನ್ನು ಹಜರತಬಿಗೆ ಓದಿ ತೋರಿಸುತ್ತೇನೆ.
ಆಕೆ ಹುಬ್ಬು ಗಂಟಿಕ್ಕಿದ ಶಬ್ದ
ಒಲೆಯ ಪಾಲು.
ಮೊನ್ನೆಯದು ಸ್ಕಾಲರ್‌ಶಿಪ್ಪಿನದು:
ಪಾಸ್‌ಬುಕ್ ತರ್ರಿ. ಶನಿವಾರದೊಳಗ.
ಪ್ಯಾಟಿ ಮುಗಿದ ಮ್ಯಾಲೆ ಬಂದ್ರೂ ನಾ ಇರ್ತೀನಿ.

ಮಾಲತೇಶನ ಚೀಟಿ ತಿರುಗಿ ಬಂತು.
ಅದೇ ಕೆಂಪು, ಅದೇ ಸವೆದ ಹೆಬ್ಬೆಟ್ಟು.
ಬಗಲಿಗೆ ಪೆನ್ಸಿಲಿನಲ್ಲಿ,
ಮೊದಲ ಸಲ ಗೆರೆಯ ಮೇಲೆ ಕೂತ ಅಕ್ಷರದಲ್ಲಿ:
ಪೂರಾ ಓದೇನ್ರಿ ಅಕ್ಕೋರ.
ನಮ್ಮವ್ವ ಎರಡ ಸಲ ಓದಿಸ್ಯಾಳ.